ಕೆಳಗಿನ ಪ್ಲಗ್ಗು

ಫೆಬ್ರವರಿ 3

ಭಾವನವರಿಗೆ ನಮಸ್ಕಾರ.

ನಿಮ್ಮ ಸುತ್ತೋಲೆ ತಲುಪಿತು. ಕಾಗದ ಎನ್ನಲು ಮನಸ್ಸು ಬರುತ್ತಿಲ್ಲ, ಯಾಕೆಂದರೆ ಇದೇ ಒಕ್ಕಣೆಯನ್ನು ನಕಲು ತೆಗೆಸಿ ನೆಂಟರಿಗೆಲ್ಲ ಹಂಚಿದ್ದೀರಿ. "ಪ್ರೀತಿಯ" ಎಂದು ಅಚ್ಚಾದ ಮೇಲೆ ಬಿಟ್ಟಿದ್ದ ಖಾಲಿ ಜಾಗದಲ್ಲಿ "ಭಾವಮೈದುನನಿಗೆ" ಎಂದು ಪೆನ್ನಿನಲ್ಲಿ ತುಂಬಿದ್ದೀರಿ. ಆರು ವರ್ಷದ ಮೇಲೆ ನಿಮ್ಮ ಕೈಬರಹದಲ್ಲಿ ನನಗೆ ಬಂದದ್ದು ಅದೊಂದೇ ಪದ. ಅಷ್ಟಕ್ಕೇ ಖುಷಿಪಡಬೇಕಾದವನು ನಾನು.

ಫೋಟೋ ಚೆನ್ನಾಗಿದೆ. ನಿವೃತ್ತ ಫಿಸಿಕ್ಸ್ ಮೇಷ್ಟರು, ಅವರು ಶೆಡ್ಡಿನಲ್ಲಿ ಸ್ವಂತ ಕೈಯಿಂದ ಕಟ್ಟಿದ ಎರಡು ಸೀಟಿನ ವಿಮಾನ, ಅದರ ಮೂತಿಯಲ್ಲಿ ಹಳೇ ಕಾರಿನಿಂದ ಕಿತ್ತು ತಂದ ರೋಟರಿ ಎಂಜಿನ್. ಹಿಂದೆ, ರೆಕ್ಕೆಯ ನೆರಳಿನಲ್ಲಿ, ಅರ್ಧ ಮುಖ ಮಾತ್ರ ಕಾಣುವ ಹಾಗೆ ನನ್ನ ಅಕ್ಕ. ನಾಲ್ಕು ವರ್ಷ ಆ ರೆಕ್ಕೆಗೆ ರಿವೆಟ್ ಹೊಡೆದವಳು ಅವಳು, ಫೋಟೋದಲ್ಲಿ ಮೀಸೆ ತಿರುವಿಕೊಂಡು ನಿಂತವರು ನೀವು.

"ಬ್ಯಾಟರಿಯನ್ನು ಪೂರ್ತಿ ಕಳಚಿಟ್ಟರೂ ಎಂಜಿನ್ ನಲವತ್ತು ನಿಮಿಷ ಎಡೆಬಿಡದೆ ಓಡಿತು, ಆದ್ದರಿಂದ ನನ್ನ ವಿಮಾನದ ಇಗ್ನಿಷನ್ ಬ್ಯಾಟರಿಯ ಹಂಗಿನಿಂದ ಮುಕ್ತ" ಎಂದು ಬರೆದಿದ್ದೀರಿ. ಓದಿ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಮೂವತ್ತು ವರ್ಷ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳಿದ್ದೀರಲ್ಲ, ಆ ಮಕ್ಕಳು ಈಗ ಯಾರ ಯಾರ ಮನೆಯ ವೈರಿಂಗ್ ಮಾಡುತ್ತಿದ್ದಾರೋ ಎಂದು ಆಮೇಲೆ ಭಯವಾಯಿತು.

ಸ್ವಾಮಿ, ಬ್ಯಾಟರಿ ಬಿಚ್ಚಿದಿರಿ, ಸರಿ. ಬೆಲ್ಟ್ ಹಾಕಿಕೊಂಡು ಎಂಜಿನ್ನಿನ ಪಕ್ಕದಲ್ಲೇ ತಿರುಗುವ ಆಲ್ಟರ್ನೇಟರಿಗೆ ಏನು ಮಾಡಿದಿರಿ? ಅದು ಕರೆಂಟು ಹುಟ್ಟಿಸುತ್ತಲೇ ಇತ್ತು, ಆ ಕರೆಂಟಿನಲ್ಲೇ ನಿಮ್ಮ ಪ್ಲಗ್ಗುಗಳು ಕಿಡಿ ಹಾರಿಸುತ್ತಿದ್ದವು. ಮುಂಬಾಗಿಲಿಗೆ ಬೀಗ ಹಾಕಿ, ಹಿತ್ತಲ ಬಾಗಿಲು ತೆರೆದಿಟ್ಟು, ನಮ್ಮ ಮನೆಗೆ ಬೆಕ್ಕು ನುಗ್ಗುವುದಿಲ್ಲ ಎಂದು ಬೆನ್ನು ತಟ್ಟಿಕೊಂಡ ಹಾಗಾಯಿತು. ಆಲ್ಟರ್ನೇಟರಿನ ತಂತಿಯನ್ನೂ ತಪ್ಪಿಸಿ ಒಂದು ಸಲ ಓಡಿಸಿ ನೋಡಿ. ಗಡಿಯಾರ ಹಿಡಿದುಕೊಂಡು ಕೂರುವ ಕಷ್ಟ ಈ ಸಲ ಇರುವುದಿಲ್ಲ.

ನನ್ನ ಅಂಗಡಿಗೆ ಬರುವ ನೀರೆತ್ತುವ ಪಂಪು, ಹುಲ್ಲು ಕತ್ತರಿಸುವ ಯಂತ್ರಗಳಿಗೆ ಬ್ಯಾಟರಿಯೂ ಇಲ್ಲ, ಆಲ್ಟರ್ನೇಟರೂ ಇಲ್ಲ. ಎಂಜಿನ್ನಿನ ಜೊತೆ ಒಂದು ಮ್ಯಾಗ್ನೆಟ್ಟು ತಿರುಗುತ್ತದೆ, ಪಕ್ಕದ ತಂತಿ ಸುರುಳಿಯಲ್ಲಿ ಕಿಡಿ ಹುಟ್ಟುತ್ತದೆ. ಎಂಜಿನ್ ತಿರುಗುವ ತನಕ ಕಿಡಿ ಇರುತ್ತದೆ. ಮ್ಯಾಗ್ನೆಟೊ ಎನ್ನುತ್ತಾರೆ. ಹಂಗಿಲ್ಲದ್ದು ಅಂದರೆ ಅದು.

ಇದನ್ನೆಲ್ಲ ಬರೆಯುವ ಅಗತ್ಯ ನನಗಿರಲಿಲ್ಲ. ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಎಂಟು ಜನರ ಎದುರು "ಇವನು ನಮ್ಮ ರಿಪೇರಿಯವನು" ಎಂದು ನನ್ನ ಪರಿಚಯ ಮಾಡಿಕೊಟ್ಟ ಮೇಲೆ, ನಿಮ್ಮ ಎಂಜಿನ್ ಓಡಿದರೆಷ್ಟು ಬಿಟ್ಟರೆಷ್ಟು. ಆದರೆ ಕೊನೆಯ ಸಾಲಿನಲ್ಲಿ ಅಕ್ಕನನ್ನು ಎರಡನೇ ಸೀಟಿನಲ್ಲಿ ಕೂರಿಸಿಕೊಂಡು ಹಾರುವುದಾಗಿ ಬರೆದಿದ್ದೀರಿ. ಗಾಳಿಯಲ್ಲಿ ಕಿಡಿ ನಿಂತರೆ ಇಳಿದು ತಳ್ಳುವುದಕ್ಕೆ ಆಗುವುದಿಲ್ಲ. ನನಗಿರುವುದು ಒಬ್ಬಳೇ ಅಕ್ಕ.

ಇತಿ,
ನಿಮ್ಮ ರಿಪೇರಿಯವನು


ಫೆಬ್ರವರಿ 17

ಚಿರಂಜೀವಿ ಭಾವಮೈದುನನಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಓದಿ, ಅದರಲ್ಲಿನ ಏಳು ಕಾಗುಣಿತ ದೋಷಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ಇದರೊಂದಿಗೆ ಹಿಂತಿರುಗಿಸಿದ್ದೇನೆ. ಬಿಡುವಾದಾಗ ತಿದ್ದಿಕೊಳ್ಳುವುದು.

ಬ್ಯಾಟರಿ ಮತ್ತು ಆಲ್ಟರ್ನೇಟರ್ ಎರಡೂ ಏಕಕಾಲಕ್ಕೆ ಕೈಕೊಡುವ ಸಂಭವವೆಷ್ಟು ಎಂಬುದನ್ನು ಗಣಿಸಿ, ಆ ಹಾಳೆಯನ್ನೂ ಲಗತ್ತಿಸಿದ್ದೇನೆ. ಅದು ಎಷ್ಟು ಸಣ್ಣ ಸಂಖ್ಯೆಯೆಂದರೆ ನಿನ್ನ ಅಂಗಡಿಯ ಕ್ಯಾಲ್ಕ್ಯುಲೇಟರಿನ ಪರದೆಯಲ್ಲಿ ಹಿಡಿಸಲಾರದು. ಒಂದು ಹೋದರೆ ಇನ್ನೊಂದು ಇರುತ್ತದೆ. ಇಷ್ಟು ಸರಳ ವಿಷಯಕ್ಕೆ ಬೆಕ್ಕು, ಹಿತ್ತಲ ಬಾಗಿಲು ಮುಂತಾದ ಉಪಮೆಗಳು ಅನವಶ್ಯಕ.

ಎರಡನೆಯದಾಗಿ, ಇದು ನೀನು ಕಂಡಿರುವ ಪಿಸ್ಟನ್ ಎಂಜಿನ್ ಅಲ್ಲ. ಇದರಲ್ಲಿ ಮೂರು ಮೂಲೆಯ ರೋಟರ್ ಒಂದು ಕೋಣೆಯೊಳಗೆ ತಿರುಗುತ್ತದೆ. ಅಂಥ ಎರಡು ಕೋಣೆಗಳಿವೆ. ಪ್ರತಿ ಕೋಣೆಗೂ ಮೇಲೊಂದು, ಕೆಳಗೊಂದು, ಹೀಗೆ ಒಟ್ಟು ನಾಲ್ಕು ಪ್ಲಗ್ಗುಗಳು. ಇದರ ಸೂಕ್ಷ್ಮಗಳು ಹುಲ್ಲು ಕತ್ತರಿಸುವ ಯಂತ್ರದವರಿಗೆ ನಿಲುಕುವಂಥವಲ್ಲ. ನಿನ್ನ ಬೆಂಚಿನ ಮೇಲೆ ಬರುವ ವಸ್ತುವೇ ಇದಲ್ಲ. ತಾತನ ಕಾಲದ ಮ್ಯಾಗ್ನೆಟೊವನ್ನು ಇದಕ್ಕೆ ಕಟ್ಟುವ ಯೋಚನೆ ನಿನಗಲ್ಲದೆ ಇನ್ನಾರಿಗೂ ಬರಲಾರದು.

ಊಟದ ಪ್ರಸಂಗವನ್ನು ಮತ್ತೆ ಎತ್ತಿದ್ದೀಯೆ. ನೀನು ರಿಪೇರಿ ಮಾಡುತ್ತೀಯೆ, ರಿಪೇರಿಯವನು ಎಂದೆ. ಇದರಲ್ಲಿ ಅವಮಾನ ಎಲ್ಲಿ ಅಡಗಿದೆಯೆಂದು ಆರು ವರ್ಷಗಳಿಂದ ಹುಡುಕುತ್ತಿದ್ದೇನೆ.

ನಿನ್ನ ಅಕ್ಕ ಕ್ಷೇಮ.

ಇಂತು,
ನಿನ್ನ ಭಾವ


ಮಾರ್ಚ್ 22

ತಮ್ಮಾ,

ಈ ಕಾಗದ ಬರೆದದ್ದು ನಿನ್ನ ಭಾವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಿನಗೆ ಉತ್ತರ ಹಾಕಿದ ಮೇಲೆ ಒಂದು ತಿಂಗಳು ಶೆಡ್ಡಿನಲ್ಲಿ ಬೇರೆ ಏನೇನೋ ಮಾಡಿಕೊಂಡಿದ್ದರು. ಸೀಟಿಗೆ ಬಟ್ಟೆ ಹಾಕಿದರು, ಬಾಲಕ್ಕೆ ಎರಡನೇ ಸಲ ಬಣ್ಣ ಬಳಿದರು. ಆಲ್ಟರ್ನೇಟರಿನ ತಂತಿಗೆ ಸೀಟಿನ ಹತ್ತಿರ ಒಂದು ಸ್ವಿಚ್ಚು ಹಾಕಿದರು, ಯಾಕೆ ಅಂದರೆ "ಹೀಗೇ" ಅಂದರು. ಮೊನ್ನೆ ಮಧ್ಯಾಹ್ನ ನಾನು ಪೇಟೆಗೆ ಹೋದೆ ಅಂದುಕೊಂಡು ವಿಮಾನವನ್ನು ಶೆಡ್ಡಿನ ಮುಂದೆ ಗೂಟಕ್ಕೆ ಬಿಗಿದು ಎಂಜಿನ್ ಚಾಲೂ ಮಾಡಿದ್ದಾರೆ. ನಾನು ಚೀಲ ಮರೆತು ವಾಪಸು ಬಂದಿದ್ದೆ, ಕಿಟಕಿಯಿಂದ ನೋಡಿದೆ. ಬ್ಯಾಟರಿ ತಪ್ಪಿಸಿದರು, ಓಡುತ್ತಿತ್ತು. ಆಮೇಲೆ ಆ ಹೊಸ ಸ್ವಿಚ್ಚು ಒತ್ತಿದರು. ಟಪ್ ಅಂತ ನಿಂತಿತು. ಎಂಜಿನ್ ನಿಂತ ಮೇಲೂ ಅವರು ಸೀಟಿನಿಂದ ಏಳಲಿಲ್ಲ. ನನಗೆ ಅಯ್ಯೋ ಅನ್ನಿಸಿತು.

ಒಳಗೆ ಬಂದು, "ಪೆಟ್ರೋಲ್ ಖಾಲಿಯಾಯ್ತು ಕಣೇ, ಅದಕ್ಕೇ ನಿಂತುಬಿಡ್ತು" ಅಂದರು. ಹೂಂ ಅಂದೆ. ಬೆಳಗ್ಗೆ ಟ್ಯಾಂಕು ತುಂಬಿಸಿದ್ದು ನಾನೇ. ಮಾರನೇ ದಿನ ಆ ಲೆಕ್ಕದ ಹಾಳೆಯ ತಮ್ಮ ಪ್ರತಿಯನ್ನು ಹರಿದು ಒಲೆ ಹಚ್ಚುವುದಕ್ಕೆ ಕೊಟ್ಟರು.

ನೀನೊಂದು ಮ್ಯಾಗ್ನೆಟೊ ಮಾಡಿಕೊಡು. ಎಂಜಿನ್ ದಂಡದ ತುದಿ, ಬೋಲ್ಟಿನ ತೂತು, ಎಲ್ಲದರ ಅಳತೆ ತೆಗೆದು ಬ್ಲೌಸಿನ ಅಳತೆ ಕಾಗದದ ಹಿಂದೆ ಬರೆದು ಇದರಲ್ಲಿ ಇಟ್ಟಿದ್ದೇನೆ. ನನ್ನ ಕೈ ಅಳತೆ ತಪ್ಪುವುದಿಲ್ಲ, ನಿನಗೇ ಗೊತ್ತು.

ಹಾರಬೇಡ ಅಂತ ಮಾತ್ರ ಬರೆಯಬೇಡ. ಅವರು ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದಾರೆ ಅಂತ ನೀವಿಬ್ಬರೂ ತಿಳಿದುಕೊಂಡಿದ್ದೀರಿ. ಹೋಗುತ್ತಿರುವವಳು ನಾನು. ನಾಲ್ಕು ವರ್ಷ ಕೈ ಬೊಬ್ಬೆ ಎಬ್ಬಿಸಿಕೊಂಡದ್ದು ಕೆಳಗೆ ನಿಂತು ಕೈ ಬೀಸುವುದಕ್ಕಲ್ಲ.

ಇನ್ನೊಂದು ಮಾತು. ಅವರಾಗಿ ಕೇಳಲಿ ಅಂತ ಕಾಯಬೇಡ. ಅವರು ಕೇಳುವವರಲ್ಲ, ನೀನು ಕೇಳಿಸಿಕೊಳ್ಳದೆ ಕೊಡುವವನಲ್ಲ. ನಿಮ್ಮಿಬ್ಬರ ಬಿಂಕದ ಪಕ್ಕದ ಸೀಟಿನಲ್ಲಿ ಕೂರುವವಳು ನಾನು.

ನಿನ್ನ ಅಕ್ಕ


ಮೇ 9

ಭಾವನವರಿಗೆ ನಮಸ್ಕಾರ.

ತಿದ್ದಿ ಕಳಿಸಿದ ನನ್ನ ಕಾಗದವನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಕೆಲಸ ಆಗುವ ತನಕ ಗಿರಾಕಿಗಳಿಗೆ ಹೊತ್ತು ಹೋಗುತ್ತದೆ.

ಈ ಮರದ ಪೆಟ್ಟಿಗೆಯಲ್ಲಿ ಒಂದು ಮ್ಯಾಗ್ನೆಟೊ ಇದೆ. ನೀವು ಕೇಳಲಿಲ್ಲ, ಗೊತ್ತು. ನಿಮ್ಮ ಆ ಸಣ್ಣ ಸಂಖ್ಯೆ ಕ್ಷೇಮವಾಗಿದೆಯೇ ಎಂದು ನಾನೂ ಕೇಳುವುದಿಲ್ಲ. ಅಳತೆ ಎಲ್ಲಿ ಸಿಕ್ಕಿತು ಎಂದು ತಲೆ ಕೆಡಿಸಿಕೊಳ್ಳಬೇಡಿ. ಕಾರಿನ ಎಂಜಿನ್ನು ಏನೂ ಗುಟ್ಟಿನ ವಸ್ತುವಲ್ಲ.

ನನ್ನ ಬೆಂಚಿನ ಮೇಲೆ ಬರುವಂಥದ್ದಲ್ಲ ಎಂದಿರಿ. ಬಂತು. ಗುಜರಿಯವನ ಹತ್ತಿರ ಅದೇ ಮಾದರಿಯದೊಂದು ಬಿದ್ದಿತ್ತು, ಐದು ವಾರ ನನ್ನಲ್ಲಿಟ್ಟುಕೊಂಡೆ. ಬಿಚ್ಚಿದೆ, ಜೋಡಿಸಿದೆ, ನಾಲ್ಕು ಪ್ಲಗ್ಗಿನಲ್ಲಿ ಓಡಿಸಿದೆ, ಎರಡೆರಡು ಪ್ಲಗ್ಗಿನಲ್ಲೂ ಓಡಿಸಿದೆ. ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಹುಲ್ಲು ಕತ್ತರಿಸುವ ಯಂತ್ರದವನಿಗೆ ಈಗ ಗೊತ್ತು. ಸುರುಳಿಯ ತಂತಿ ಕೂದಲಿಗಿಂತ ಸಣ್ಣದು. ಹನ್ನೆರಡು ಸಾವಿರ ಸುತ್ತು, ಕೈಯಲ್ಲಿ. ಎರಡು ಸಲ ಕೊನೆಗೆ ಬಂದು ತುಂಡಾಯಿತು, ಎರಡು ಸಲವೂ ಬಿಸಾಕಿ ಮೊದಲಿಂದ ಸುತ್ತಿದೆ. ಬಿಸಿ ಮಾಡಿ ನೋಡಿದ್ದೇನೆ, ಕಾದಾಗಲೂ ಕಿಡಿ ನೀಲಿಯಾಗಿಯೇ ಬರುತ್ತದೆ.

ದಂಡದ ತುದಿಗೆ ನಾಲ್ಕು ಬೋಲ್ಟು. ಮ್ಯಾಗ್ನೆಟ್ಟಿಗೂ ಸುರುಳಿಗೂ ನಡುವೆ ಅಂಚೆ ಕಾರ್ಡು ತೂರುವಷ್ಟು ಸಂದು. ಬಿಳಿ ಗೆರೆಯ ಎದುರಿಗೆ ಬಿಳಿ ಗೆರೆ. ಕಪ್ಪು ತಂತಿ ಸ್ವಿಚ್ಚಿಗೆ. ಅದನ್ನು ಎಂಜಿನ್ನಿನ ಮೈಗೆ ತಾಗಿಸಿದರೆ ಕಿಡಿ ನಿಲ್ಲುತ್ತದೆ. ಎರಡು ದಪ್ಪ ತಂತಿ ಎರಡು ಪ್ಲಗ್ಗಿಗೆ. ಉಳಿದೆರಡು ಪ್ಲಗ್ಗು ನಿಮ್ಮ ಹಳೇ ಬ್ಯಾಟರಿ ಇಗ್ನಿಷನ್ನಿನಲ್ಲೇ ಇರಲಿ, ಸ್ಟಾರ್ಟ್ ಮಾಡುವುದಕ್ಕೆ ಅದು ಬೇಕು. ನಾಲ್ಕರಲ್ಲಿ ಯಾವ ಎರಡು ಎಂದು ನಿಮ್ಮಂಥವರಿಗೆ ನಾನು ಹೇಳಿದರೆ ಅಧಿಕಪ್ರಸಂಗವಾದೀತು. ಅಷ್ಟೂ ತಿಳಿಯದವರು ವಿಮಾನ ಕಟ್ಟುತ್ತಾರೆಯೇ. ಒಂದು ವೇಳೆ ಅನುಮಾನ ಬಂದರೆ ಕೇಳಿ. ರಿಪೇರಿಯವನಿಗೆ ಗೊತ್ತಿದೆ.

ಇತಿ,
ನಿಮ್ಮ ರಿಪೇರಿಯವನು


ಜೂನ್ 2

ಚಿರಂಜೀವಿ ಭಾವಮೈದುನನಿಗೆ ಆಶೀರ್ವಾದಗಳು.

ಪೆಟ್ಟಿಗೆ ತಲುಪಿತು. ನಿನ್ನ ಅಕ್ಕನ ಒತ್ತಾಯಕ್ಕೆ ಅದನ್ನು ಕೂರಿಸಿದ್ದೇನೆ. ಸೂಚನೆಗಳು ಬಾಲಬೋಧೆಯಂತಿದ್ದವು, ನನಗೆ ಯಾವ ಅನುಮಾನವೂ ಉಂಟಾಗಲಿಲ್ಲ.

ನೆಲದ ಮೇಲೆ ಪರೀಕ್ಷಿಸಿದ ಫಲಿತಾಂಶವನ್ನು ತಿಳಿಸುವುದು ನನ್ನ ಧರ್ಮ. ಬ್ಯಾಟರಿ ಮತ್ತು ಆಲ್ಟರ್ನೇಟರ್ ಎರಡನ್ನೂ ತಪ್ಪಿಸಿ ನಿನ್ನ ಮ್ಯಾಗ್ನೆಟೊ ಒಂದರಲ್ಲೇ ಓಡಿಸಿದಾಗ ಎಂಜಿನ್ ನಿಲ್ಲಲಿಲ್ಲ, ಅಷ್ಟರ ಮಟ್ಟಿಗೆ ಶಹಬಾಸ್. ಆದರೆ ನಿಮಿಷಕ್ಕೆ ಎಂಟುನೂರು ಸುತ್ತು ಇಳಿಯಿತು. ಕೈಯಲ್ಲಿ ಸುತ್ತಿದ ಸುರುಳಿಯಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದು ನನ್ನ ತಪ್ಪಾಗುತ್ತದೆ. ಮುಖ್ಯವಾದದ್ದು ಮುಖ್ಯವೇ, ಬದಲಿ ಎಂದರೆ ಬದಲಿಯೇ. ಅದಕ್ಕೆ ತಕ್ಕ ಜಾಗದಲ್ಲಿ ಅದನ್ನು ಇಟ್ಟಿದ್ದೇನೆ.

ನಾಲ್ಕು ಬಾರಿ ಒಬ್ಬನೇ ಹಾರಿ ಇಳಿದಿದ್ದೇನೆ. ಈ ತಿಂಗಳ 16ರಂದು ಬೆಳಗ್ಗೆ ಒಂಬತ್ತು ಗಂಟೆಗೆ ನಿನ್ನ ಅಕ್ಕನನ್ನು ಕೂರಿಸಿಕೊಂಡು ಹಾರಲಿದ್ದೇನೆ. ಕೆಲವು ಮಿತ್ರರು ನೋಡಲು ಬರುತ್ತಾರೆ. ನೀನೂ ಬರುವುದಾದರೆ ಬಾ, ರಿಪೇರಿಯವರಿಗೆ ಗೇಟಿನಲ್ಲಿ ತಡೆಯಿಲ್ಲ.

ಇಂತು,
ನಿನ್ನ ಭಾವ


ಜೂನ್ 29

ತಮ್ಮಾ,

ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ.

ನೆಲ ಬಿಟ್ಟು ಅರ್ಧ ನಿಮಿಷ ಆಗಿತ್ತು. ಕೆಳಗೆ ಇಟ್ಟಿಗೆ ಸುಡುವ ಜಾಗ, ಅದರಾಚೆ ಸಾಲು ಮರ. ನನಗೆ ನಗು ತಡೆಯುವುದಕ್ಕೆ ಆಗುತ್ತಿರಲಿಲ್ಲ, ಅಷ್ಟು ಖುಷಿ. ಆಗ ಎದುರಿನ ದೀಪಗಳೆಲ್ಲ ಒಟ್ಟಿಗೆ ಆರಿದವು, ಎಂಜಿನ್ನಿನ ದನಿ ಕುಗ್ಗಿತು. ಬ್ಯಾಟರಿ ತಂತಿ, ಆಲ್ಟರ್ನೇಟರ್ ತಂತಿ, ಎರಡೂ ಒಂದೇ ಮೇನ್ ಸ್ವಿಚ್ಚಿನ ಮೂಲಕ ಬರುತ್ತಿದ್ದವಂತೆ, ಆ ಸ್ವಿಚ್ಚು ಒಳಗೇ ಸುಟ್ಟುಹೋಗಿತ್ತು. ನಿನ್ನ ಮ್ಯಾಗ್ನೆಟೊ ಒಂದೇ ಉಳಿದದ್ದು. ಎಂಜಿನ್ ನಿಲ್ಲಲಿಲ್ಲ. ಆದರೆ ಇಬ್ಬರನ್ನು ಹೊತ್ತು ಮೇಲೇರುವುದಕ್ಕೆ ಅದಕ್ಕೆ ಶಕ್ತಿ ಸಾಲಲಿಲ್ಲ. ಮರದ ತಲೆ ದಾಟಿಸಿ ಆಚೆ ಉತ್ತ ಹೊಲದಲ್ಲಿ ಇಳಿಸಿದರು. ಮುಂದಿನ ಚಕ್ರ ಮಣ್ಣಿನಲ್ಲಿ ಹೂತು ವಿಮಾನ ಮೂತಿ ಊರಿತು.

ಅವರಿಗೆ ಹಣೆಯಲ್ಲಿ ಮೂರು ಹೊಲಿಗೆ. ನನ್ನ ಬಲಮಂಡಿ ಚೂರಾಗಿದೆ. ಎರಡು ಸಲ ಆಪರೇಷನ್ ಆಯಿತು. ಇನ್ನು ಅದನ್ನು ಮಡಚುವುದಕ್ಕೆ ಬರುವುದಿಲ್ಲ, ಕೋಲು ಹಿಡಿದು ನಡೆಯಬಹುದು ಅಂತ ಡಾಕ್ಟರು ಹೇಳಿದರು. ಮೆಟ್ಟಿಲು ಹತ್ತುವುದು ಕಷ್ಟ ಅಂದರು. ವಿಮಾನದ ಮಾತು ನಾನು ಕೇಳಲಿಲ್ಲ.

ತಪಾಸಣೆಗೆ ಬಂದಿದ್ದ ಅಧಿಕಾರಿ ಎಂಜಿನ್ನಿನ ಮುಚ್ಚಳ ತೆಗೆದು ನೋಡಿ, ಆಸ್ಪತ್ರೆಗೆ ಬಂದು ನಮ್ಮಿಬ್ಬರ ಎದುರೇ ಹೇಳಿದ: "ಮ್ಯಾಗ್ನೆಟೊ ತಂತೀನ ಮೇಲಿನ ಪ್ಲಗ್ಗಿಗೆ ಯಾಕೆ ಕೊಟ್ರಿ ಸಾರ್? ಕೆಳಗಿನ ಎರಡಕ್ಕೆ ಕೊಟ್ಟಿದ್ರೆ ಒಂದು ಸುತ್ತು ಹಾಕ್ಕೊಂಡು ಆರಾಮಾಗಿ ಇಳೀತಿದ್ರಿ." ಅವನು ಹೋದ ಮೇಲೆ ನಿನ್ನ ಭಾವ, "ಯಾವ ಎರಡು ಅಂತ ನಂಗೆ ಗೊತ್ತಿರಲಿಲ್ಲ ಕಣೇ. ಅವನನ್ನ ಕೇಳೋಣ ಅಂತ ಎರಡು ಸಲ ಪೆನ್ನು ತೆಗೆದೆ. ಕೈ ಬರಲಿಲ್ಲ" ಅಂದರು. ನಲವತ್ತು ವರ್ಷದಲ್ಲಿ ಅವರು ಅತ್ತದ್ದನ್ನು ಮೊದಲ ಸಲ ನೋಡಿದೆ.

ಆಮೇಲೆ ನಿನ್ನ ಮೇ ತಿಂಗಳ ಕಾಗದ ತರಿಸಿ ಓದಿದೆ. ಎಲ್ಲ ಬರೆದಿದ್ದೀಯ. ಸಂದು ಎಷ್ಟು, ಗೆರೆ ಎಲ್ಲಿ, ಯಾವ ಬಣ್ಣದ ತಂತಿ ಎಲ್ಲಿಗೆ. ಅದೊಂದು ಮಾತ್ರ ಬರೆಯಲಿಲ್ಲ. ಹೋಗಲಿ, ಅವತ್ತಿನ ಸಿಟ್ಟು ಅನ್ನೋಣ. ಜೂನ್ 2ರ ಅವರ ಉತ್ತರ ನಿನಗೆ ತಲುಪಿತ್ತಾ? ಅದರಲ್ಲಿ ಎಂಟುನೂರು ಸುತ್ತು ಅಂತ ಇತ್ತಲ್ಲ, ಅದನ್ನು ಓದಿದಾಗ ನಿನಗೆ ಏನೂ ಅನ್ನಿಸಲಿಲ್ಲವಾ? ಸುಳ್ಳು ಬರೆಯಬೇಡ.

ನಿನ್ನ ಅಕ್ಕ


ಜುಲೈ 6

ಅಕ್ಕಾ,

ತಲುಪಿತ್ತು. ಜೂನ್ ಐದನೇ ತಾರೀಖು ಬೆಳಗ್ಗೆ ಹನ್ನೊಂದು ಗಂಟೆಗೆ.

ಈ ಎಂಜಿನ್ನಿನಲ್ಲಿ ಉರಿ ಹಚ್ಚುವುದು ಕೆಳಗಿನ ಪ್ಲಗ್ಗು, ಉಳಿದದ್ದನ್ನು ಮುಗಿಸುವುದು ಮೇಲಿನದು. ಕೆಳಗಿನ ಎರಡರಲ್ಲೇ ಓಡಿಸಿದರೆ ನೂರು ಸುತ್ತೂ ಇಳಿಯುವುದಿಲ್ಲ. ಮೇಲಿನ ಎರಡರಲ್ಲೇ ಓಡಿಸಿದರೆ ನನ್ನ ಬೆಂಚಿನ ಮೇಲೂ ಸರಿಯಾಗಿ ಎಂಟುನೂರು ಇಳಿದಿತ್ತು. ಅವರ ಕಾಗದ ಓದಿದ ಕೂಡಲೇ ಗೊತ್ತಾಯಿತು. ತಂತಿ ತಲೆಕೆಳಗಾಗಿದೆ ಎಂದು ಗೊತ್ತಾಗಿ ಮೊದಲು ನಕ್ಕೆ, ಅಕ್ಕಾ. ಅದಕ್ಕೆ ಸುರುಳಿಯನ್ನು ಹಳಿದಿದ್ದರಲ್ಲ, ಅದನ್ನು ಮತ್ತೆ ಮತ್ತೆ ಓದಿಕೊಂಡು ಮೈ ಉರಿಸಿಕೊಂಡೆ. ಅಂಗಡಿಯಿಂದ ಅಂಚೆ ಕಚೇರಿ ಹತ್ತು ಹೆಜ್ಜೆ. ಅಂಗಡಿಯಲ್ಲಿ ಫೋನೂ ಇದೆ. ಒಂದು ಮಾತು ಸಾಕಿತ್ತು.

ಹೇಳುವುದಿಲ್ಲ ಎಂದುಕೊಂಡಿರಲಿಲ್ಲ. 16ರಂದು ಬಂದು, ಅವರ ಮಿತ್ರರೆಲ್ಲ ನಿಂತಿರುವಾಗ, "ಸ್ವಲ್ಪ ಮುಚ್ಚಳ ತೆಗೀತೀರಾ ಭಾವ" ಎಂದು, ಎಲ್ಲರ ಎದುರು ತಂತಿ ಬದಲಾಯಿಸಿ, ಒಂದು ಮಾತೂ ಆಡದೆ ಕೈ ಒರೆಸಿಕೊಳ್ಳಬೇಕು ಎಂದುಕೊಂಡಿದ್ದೆ. ಐದು ನಿಮಿಷದ ಕೆಲಸ. ಹನ್ನೊಂದು ದಿನ ಆ ಐದು ನಿಮಿಷವನ್ನು ಮನಸ್ಸಿನಲ್ಲೇ ಆಡಿಸಿಕೊಂಡು ಸುಖಪಟ್ಟೆ. ಅವರ ಮುಖ ಹೇಗಾಗುತ್ತದೆ ಎಂದು ಯೋಚಿಸಿದೆ. ನೀನು ಆ ಸೀಟಿನಲ್ಲಿ ಕೂರುತ್ತೀಯ ಎನ್ನುವುದು ಗೊತ್ತಿತ್ತು, ಆದರೆ ಆ ಚಿತ್ರದಲ್ಲಿ ನೀನು ಇರಲೇ ಇಲ್ಲ.

ಅವತ್ತು ಬಂದೆ. ಜೇಬಿನಲ್ಲಿ ಪ್ಲಗ್ ಪಾನಾ ಇತ್ತು. ಅಷ್ಟು ಜನರ ಎದುರು ನಿಲ್ಲಬೇಕಲ್ಲ ಎಂದು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸುವುದಕ್ಕೆ ನಿಂತೆ, ಬಸ್ಸು ತಪ್ಪಿತು. ನಾನು ಗೇಟಿಗೆ ಬಂದಾಗ ಒಂಬತ್ತು ಹತ್ತು. ವಿಮಾನ ಆಗ ತಾನೇ ನೆಲ ಬಿಟ್ಟಿತ್ತು. ದನಿ ಕುಗ್ಗಿದ್ದು ಕೇಳಿಸಿತು. ಅದು ಮೇಲಿನ ಪ್ಲಗ್ಗಿನ ದನಿ, ಐದು ವಾರ ಕೇಳಿದವನು ನಾನು. ಅಲ್ಲಿದ್ದವರಲ್ಲಿ ಏನಾಯಿತು ಎಂದು ಗೊತ್ತಿದ್ದದ್ದು ನನಗೊಬ್ಬನಿಗೇ.

ಹೊಲದ ಬೇಲಿಯ ತನಕ ಓಡಿದೆ. ನಿನ್ನನ್ನು ಹೊರಗೆ ಎಳೆಯುತ್ತಿದ್ದರು, "ಕಾಲು ಹಿಡೀಬೇಡಿ, ಭುಜ ಹಿಡೀರಿ" ಎಂದು ನೀನು ಬಯ್ಯುತ್ತಿದ್ದೆ. ಬದುಕಿದ್ದೀಯ ಎಂದು ತಿಳಿಯಿತು. ತಿರುಗಿ ಬಸ್ ನಿಲ್ದಾಣಕ್ಕೆ ಹೋದೆ.

ಭಾವನನ್ನು ಇಷ್ಟು ವರ್ಷ ಜಂಭದ ಮನುಷ್ಯ ಎಂದು ಹೀಯಾಳಿಸಿದೆ. ಅವರಿಗೆ ಗೊತ್ತಿರಲಿಲ್ಲ, ಕೇಳಲಿಲ್ಲ. ನನಗೆ ಗೊತ್ತಿತ್ತು, ಹೇಳಲಿಲ್ಲ. ನನ್ನಷ್ಟು ಕೀಳು ಮನುಷ್ಯನನ್ನು ನಾನು ನೋಡಿಲ್ಲ. ಈ ಕಾಗದವನ್ನು ಅವರಿಗೂ ಓದಿ ಹೇಳು. ಅವರು ಏನು ಬೇಕಾದರೂ ಅನ್ನಲಿ, ಬಯ್ಯಲಿ, ಹತ್ತು ಜನರ ಎದುರು ಬೇಕಾದರೂ ಬಯ್ಯಲಿ. ಬಯ್ಯಿಸಿಕೊಂಡರೆ ನನಗೂ ಸ್ವಲ್ಪ ಉಸಿರಾಡಿದ ಹಾಗಾಗುತ್ತದೆ.

ತಮ್ಮ


ಜುಲೈ 15

ತಮ್ಮಾ,

ನಿನ್ನ ಕಾಗದ ಓದಿದೆ. ಹರಿದು ಹಾಕಿದೆ. ನಿನ್ನ ಭಾವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಅವರು ಈಗ ಬೇರೆ ಮನುಷ್ಯ ಆಗಿದ್ದಾರೆ. ನನ್ನನ್ನು ನೋಡಲು ಯಾರು ಬರಲಿ, ಡಾಕ್ಟರಿಗೆ, ನರ್ಸಿಗೆ, ಹಾಲಿನವನಿಗೆ ಕೂಡ ಒಂದೇ ಕಥೆ ಹೇಳುತ್ತಾರೆ. "ನನ್ನ ಭಾವಮೈದುನ ಸುತ್ತಿದ ಸುರುಳಿ ಇಲ್ಲದಿದ್ರೆ ಎಂಜಿನ್ ಪೂರ್ತಿ ನಿಂತುಹೋಗ್ತಿತ್ತು, ಮರಕ್ಕೇ ಬಡೀತಿದ್ವಿ. ತಂತಿ ತಪ್ಪು ಕೊಟ್ಟದ್ದು ನಾನು, ಪ್ರಾಣ ಉಳಿಸಿದ್ದು ಅವನು. ಅಂಥವನನ್ನ ನಾನು ಕೇವಲವಾಗಿ ಕಂಡೆ" ಅಂತ ಹೇಳಿ ಕಣ್ಣು ಒರೆಸಿಕೊಳ್ಳುತ್ತಾರೆ. ನಿನಗೆ ಕ್ಷಮಾಪಣೆಯ ಕಾಗದ ಬರೆಯಲು ಕೂತು ನಾಲ್ಕು ಸಲ ಹರಿದಿದ್ದಾರೆ. ಎದುರು ಕೂತೇ ಹೇಳಬೇಕಂತೆ.

ಬಯ್ಯಿಸಿಕೊಂಡು ಹಗುರ ಆಗೋಣ ಅಂದುಕೊಂಡಿದ್ದೀಯ. ಅದು ಸಿಗುವುದಿಲ್ಲ.

ಬರುವ ಭಾನುವಾರ ನನ್ನನ್ನು ಮನೆಗೆ ಕಳಿಸುತ್ತಾರೆ. ನೀನು ಬರಬೇಕು. ಅವರು ನಿನ್ನ ಕೈ ಹಿಡಿದುಕೊಳ್ಳುತ್ತಾರೆ, ಬಂದವರಿಗೆಲ್ಲ ನಿನ್ನನ್ನು ತೋರಿಸಿ ಹೊಗಳುತ್ತಾರೆ. ಬಾಯಿ ಬಿಡಬೇಡ, ಅವರಿಗೆ ಈ ವಯಸ್ಸಿನಲ್ಲಿ ಇನ್ನೊಂದು ಪೆಟ್ಟು ಬೇಡ. ಅವರು ಮುಗಿಸುವ ತನಕ ಕೂತು ಕೇಳು. ನಾನು ಕಾಲು ಚಾಚಿಕೊಂಡು ಎದುರಿನ ಮಂಚದ ಮೇಲೆ ನಿನ್ನ ಮುಖ ನೋಡುತ್ತಾ ಇರುತ್ತೇನೆ.

ಅಕ್ಕ